ಅಮ್ಮನ ಕೊಡೆಯ ಕೆಳಗೆ ಸತ್ತ ಯೋಧ

ಕಬ್ಬಿಣದ ಕವಚ ತೊಟ್ಟಿದ್ದ ಯೋಧ ಅಮ್ಮನ ಕಾಲಬುಡದಲ್ಲೇ ದೊಪ್ಪನೆ ಬಿದ್ದು ಸತ್ತ. ನಿಜವಾಗಿ ಅಲ್ಲ. ಮೆಲ್ಬರ್ನ್ ಹೊರಗಿನ ಆ ಮೈದಾನದಲ್ಲಿ ವರ್ಷಕ್ಕೊಮ್ಮೆ ಮರದ ಕೋಟೆಗೋಡೆ ಎಬ್ಬಿಸಿ, ಯುರೋಪಿನ ಹಳೇ ಕಾಲದ ಯುದ್ಧವನ್ನು ಆಡಿ ತೋರಿಸುತ್ತಾರೆ. ಕಹಳೆ ಊದುವವರೆಗೂ ಸತ್ತವರು ಅಲುಗಾಡುವಂತಿಲ್ಲ.

ಅವನ ಶಿರಸ್ತ್ರಾಣ ಕಳಚಿಕೊಂಡು, ಮುಖಕ್ಕೆ ನೇರ ಬಿಸಿಲು ಬೀಳುತ್ತಿತ್ತು. ಮೈಸೂರಿನಿಂದ ಬಂದಿದ್ದ ಅಮ್ಮ ಹಗ್ಗದ ಬೇಲಿಯ ಮೇಲೆ ಬಾಗಿ, ತನ್ನ ಕೊಡೆಯನ್ನು ಅವನಿಗೆ ಹಿಡಿದಳು.

“ಅಮ್ಮಾ, ಅದು ಆ್ಯಕ್ಟಿಂಗ್. ಈ ಕಡೆ ಬಾ,” ಎಂದೆ.

“ಇರ್ಲಿ ಬಿಡೇ. ನಿಮ್ಮಪ್ಪನ್ನ ಮನೆ ಮುಂದೆ ಮಲಗಿಸಿದ್ದಾಗ್ಲೂ ಇಂಥದ್ದೇ ಬಿಸ್ಲು. ನೆರಳು ಮಾಡೋಣ ಅಂತ ನಂಗೆ ತೋಚ್ಲೇ ಇಲ್ಲ.”

ಸುತ್ತ ಧೂಳು, ಬಾವುಟ, ಕತ್ತಿಗಳ ಸದ್ದು. ಕೊಡೆಯ ಕೆಳಗೆ ಮಾತ್ರ ಎಲ್ಲವೂ ನಿಂತುಹೋದಂತಿತ್ತು. ಕಹಳೆ ಊದಿದಾಗ ಯೋಧ ಎದ್ದ. ಎದೆಯ ಮೇಲೆ ಕೈಯಿಟ್ಟು ಅಮ್ಮನಿಗೆ ತಲೆಬಾಗಿ ಹೊರಟುಹೋದ.

ಮಧ್ಯಾಹ್ನದ ಎರಡನೇ ಯುದ್ಧದಲ್ಲಿ ಏಟು ತಿಂದ ಅದೇ ಯೋಧ, ತೂರಾಡುತ್ತಾ ಇಡೀ ಮೈದಾನ ದಾಟಿ ಬಂದು ಮತ್ತೆ ನಮ್ಮ ಮುಂದೆಯೇ ಬಿದ್ದ. ಅಮ್ಮ ಆಗಲೇ ಕೊಡೆ ಬಿಚ್ಚಿ ನಿಂತಿದ್ದಳು.