ಕುರ್ಚಿ ಮ್ಯಾಲಿನ ಟವೆಲ್

ನಮ್ಮ ಇಂಡಿ ಬಸ್ ಸ್ಟ್ಯಾಂಡಿನ್ಯಾಗ ಬಸ್ಸಿನ ಕಿಡಕಿಯಿಂದ ಒಳಗ ಟವೆಲ್ ಒಗದ್ರ ಮುಗೀತು, ಆ ಸೀಟು ನಮ್ಮದು. ಲ್ಯಾಪ್‌ಟಾಪ್ ಹೊತ್ಕೊಂಡು ಊರೂರು ತಿರುಗಿ ಕೆಲಸ ಮಾಡೋ ನಾನು, ನಾರ್ವೆಯ ಬರ್ಗೆನ್‌ದಾಗೂ ಈ ಕಾಯ್ದೆ ನಡೀತೈತಿ ಅಂತ ತಿಳ್ಕೊಂಡಿದ್ದೆ.

ಅವತ್ತು ಲೈಬ್ರರಿಯೊಳಗ ಚಾರ್ಜಿಂಗ್ ಪ್ಲಗ್ ಬಾಜೂಕ ಇದ್ದ ಕುರ್ಚಿ ಒಂದ ಖಾಲಿ ಇತ್ತು. ನನ್ನ ಬ್ಯಾಟರಿ ಸಾಯಾಕತ್ತಿತ್ತು, ಗಿರಾಕಿ ಜೋಡಿ ವಿಡಿಯೋ ಮೀಟಿಂಗ್ ಬ್ಯಾರೆ ಇತ್ತು. ಕುರ್ಚಿ ಮ್ಯಾಲ ಟವೆಲ್ ಹಾಕಿ ನೀರು ಕುಡ್ಯಾಕ ಹೋದೆ. ಬಂದು ನೋಡಿದ್ರ ಟವೆಲ್ ಇಲ್ಲ, ಆ ಊರಿನ ಒಬ್ಬ ಅಜ್ಜ ಕುಂತಾನ. ಸಿಟ್ಟು ನೆತ್ತಿಗೇರಿತು.

"ಇಲ್ಲಿ ನನ್ನ ಟವೆಲ್ ಇತ್ತಲ್ರಿ?" ಇಂಗ್ಲಿಷಿನ್ಯಾಗ ಕೇಳಿದೆ.

ಅಜ್ಜ ಬಾಗಿಲ ಕಡೆ ಕೈ ಮಾಡಿದ. ಅಲ್ಲಿ ಕೋಟು ಹಾಕೋ ಗೂಟಕ್ಕ ನನ್ನ ಟವೆಲ್ ಜೋತಾಡಾಕತ್ತಿತ್ತು.

"ಯಾರೋ ಕಳಕೊಂಡಾರ ಅಂತ ಕಣ್ಣಿಗೆ ಬೀಳೂವಂಗ ಹಾಕೇನ್ರಿ. ನಮ್ಮ ಕಡೆ ಹಂಗ ಮಾಡ್ತೇವಿ."

ನಮ್ಮ ಕಡೆಯ ಕಾಯ್ದೆ ಬಿಡಿಸಿ ಹೇಳಿದೆ. ಅಜ್ಜ ನಕ್ಕು, ಎದ್ದು, ಕುರ್ಚಿ ಬಿಟ್ಟುಕೊಟ್ಟ. ಚಾರ್ಜರ್ ಚುಚ್ಚಿದ ಮ್ಯಾಲ ಹೋದ ಜೀವ ಬಂತು.

ಮೀಟಿಂಗ್ ಸುರು ಆಗೂದ್ರಾಗ ಬಾಜು ಕುರ್ಚಿ ಖಾಲಿ ಆತು. ಅಜ್ಜ ಅದರ ಮ್ಯಾಲ ತನ್ನ ಉಣ್ಣೆ ಟೊಪ್ಪಿಗಿ ಇಟ್ಟು, ನನಗ ಕಣ್ಣು ಹೊಡದು ಕಾಫಿ ಕುಡ್ಯಾಕ ಹೋದ. ಅದನ್ನೂ ಯಾರರ ಒಯ್ದು ಗೂಟಕ್ಕ ಹಾಕಿಬಿಟ್ಟಾರು ಅಂತ ಹೆದರಿ, ಗಿರಾಕಿ ಜೋಡಿ ಮಾತಾಡಿಕೋಂತ, ಆತ ಬರೂತನಕ ಟೊಪ್ಪಿಗಿ ಮ್ಯಾಲಿನ ಕೈ ತಗೀಲಿಲ್ಲ ನಾನು.