ಬ್ರದರ್‌ಗಳ ಬಾಗಿಲಲ್ಲಿ ಒಬ್ಬ ಅಣ್ಣ

ಬೆಳಗಿನ ಐದು ಗಂಟೆ. ಕಿಟಕಿಯೇ ಇಲ್ಲದ ಸಭಾಂಗಣದ ನಟ್ಟನಡುವೆ ಮೊಣಕಾಲೂರಿ ಕೂತ ಮನುಷ್ಯರೊಬ್ಬರು ಕತ್ತಿ ಉಜ್ಜುತ್ತಿದ್ದಾರೆ. ಒಂದಲ್ಲ, ಮೂವತ್ತೆಂಟು ಕತ್ತಿ. ಹಳೆಯ ಬನಿಯನ್ನಿನ ತುಂಡು, ಒಂದು ಹನಿ ಎಣ್ಣೆ, ಹಿಡಿಯಿಂದ ತುದಿಗೆ ಒಂದೇ ಎಳೆತ. ಶಿಲುಬೆಯಾಕಾರದ ಹಿಡಿ ಫಳಫಳ ಹೊಳೆಯುತ್ತದೆ. ಅಲಗು ಮಾತ್ರ ಬೆಣ್ಣೆ ಕೊಯ್ಯಲೂ ನಾಲಾಯಕ್ಕು. "ಎಲ್ಲಾ ಮೊಂಡು. ಹರಿತ ಏನಾದ್ರೂ ಇದ್ರೆ ಅದು ನನ್ನ ಹೊಟ್ಟೇಲಿ," ಎಂದು ನಗುತ್ತಾರೆ. ಪಕ್ಕದವರ ಮೇಲೆ ಕತ್ತಿ ಮಸೆಯುವವರು ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ. ಅದಕ್ಕೇ ಸಂಬಳ ಎಣಿಸುವವರು ಇವರೊಬ್ಬರೇ ಇರಬೇಕು.

ಇದು ಫ್ರೀಮೇಸನ್ನರು, ಅಂದರೆ ಒಬ್ಬರನ್ನೊಬ್ಬರು 'ಬ್ರದರ್' ಎಂದು ಕರೆಯುವ, ಪದ್ಧತಿಗಳನ್ನು ಗುಟ್ಟಾಗಿಡುವ ಹಳೆಯ ಸಂಘದವರು ಸೇರುವ ಕಟ್ಟಡ. ತಿಂಗಳ ಮೊದಲ ಶನಿವಾರ ಮಾತ್ರ ಅವರೊಳಗಿನ ಇನ್ನೊಂದು ಕೂಟದ ಸರದಿ: ಕ್ರೈಸ್ತ ನೈಟರದ್ದು. ಇಪ್ಪತ್ತಾರು ವರ್ಷಗಳಿಂದ ಎರಡಕ್ಕೂ ಇವರೇ ಉಸ್ತುವಾರಿ. ಸೊಂಟದಲ್ಲಿ ಇಪ್ಪತ್ತೇಳು ಕೀಲಿಕೈಗಳ ಗೊಂಚಲು. ಅದಕ್ಕೇ ಎಲ್ಲರ ಬಾಯಲ್ಲಿ 'ಬೀಗದಣ್ಣ'. "ಬೀಗ ಅಂತ ಅನ್ನಿಸ್ಕೊಳ್ಳೋಕೆ ಮಗಳು-ಅಳಿಯ ಬೇಕು. ನಂಗೆ ಮಕ್ಕಳಿಲ್ಲ, ಬರೀ ಬೀಗ ಇದೆ," ಎನ್ನುತ್ತಾರೆ ಐವತ್ತೇಳರ ಬೀಗದಣ್ಣ.

ಕತ್ತಿ ಮುಗಿದರೆ ನಿಲುವಂಗಿಗಳ ಪಾಳಿ. ನಲವತ್ತೊಂದು ಬಿಳಿ ನಿಲುವಂಗಿ, ಎಡ ಎದೆಯ ಮೇಲೆ ಕೆಂಪು ಶಿಲುಬೆ. ಯಾತ್ರಿಕರ ದಾರಿ ಕಾಯುತ್ತಿದ್ದ ಮಧ್ಯಯುಗದ ಟೆಂಪ್ಲರ್ ನೈಟರ, ಅಂದರೆ ಕ್ರೈಸ್ತ ಯೋಧರ ಉಡುಪು ಅದು. ಆ ನೈಟರು ಇನ್ನೂರು ವರ್ಷ ಮೆರೆದರು. ಆಮೇಲೆ ಒಬ್ಬ ರಾಜ ಕಣ್ಣು ಕೆಂಪಗೆ ಮಾಡಿದ, ಪೋಪರು ಬಾಗಿಲು ಮುಚ್ಚಿಸಿದರು. ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಮೇಸನ್ನರು ಆ ಹೆಸರು, ಆ ಉಡುಪು, ಆ ಕಥೆಗಳನ್ನು ಎತ್ತಿಕೊಂಡು ತಮ್ಮದೊಂದು ಕೂಟ ಕಟ್ಟಿದರು. ಹಳಬರಿಗೂ ಹೊಸಬರಿಗೂ ನೇರ ನಂಟಿತ್ತು ಎನ್ನಲು ದಾಖಲೆಯಿಲ್ಲ. ಆದರೆ ಪದ್ಧತಿಯಲ್ಲಿ ಹಳೆಯದರ ನೆನಪಿದೆ: ಹೊಸದಾಗಿ ಸೇರುವವನು ಯಾತ್ರಿಕನಂತೆ ಸಾದಾ ಅಂಗಿ ತೊಟ್ಟು, ಕೋಲು ಹಿಡಿದು ಬಾಗಿಲು ತಟ್ಟಬೇಕು, ನೈಟ್ ಆಗಿ ಹೊರಬರಬೇಕು. ಸೇರಲು ಎರಡು ಅರ್ಹತೆ. ಮೊದಲು ಮೇಸನ್ ಆಗಿರಬೇಕು, ಕ್ರಿಸ್ತನನ್ನು ನಂಬಿದವನಾಗಿರಬೇಕು. ಎರಡನೆಯದು ಬೀಗದಣ್ಣನಿಗೆ ಹುಟ್ಟಿನಿಂದಲೇ ಬಂದಿದೆ. ಕೈಕೊಟ್ಟದ್ದು ಮೊದಲನೆಯದು.

ಬಾಗಿಲು ಮುಚ್ಚಿದ ಮೇಲೆ ಇವರು ಹೊರಗಿನ ಸ್ಟೂಲಿನಲ್ಲಿ. ಒಳಗೇನು ನಡೆಯುತ್ತದೆ ಎಂದು ಯಾರೂ ಹೇಳಿಲ್ಲ. ಇವರು ಕೇಳಿಯೂ ಇಲ್ಲ. ಆದರೂ ಕಸ ಗುಡಿಸುವವರಿಗೆ ತಿಳಿಯದ್ದೇನಿದೆ? "ಹನ್ನೆರಡು ಮೇಣದಬತ್ತಿ ಇಡ್ತೀನಿ, ಎಲ್ಲಾ ಒಂದೇ ಅಳತೆ. ಆಮೇಲೆ ನೋಡಿದ್ರೆ ಹನ್ನೊಂದು ಗಿಡ್ಡ, ಒಂದು ಉದ್ದ. ಅದೊಂದನ್ನ ಮಧ್ಯದಲ್ಲೇ ಆರಿಸ್ತಾರೆ. ಕ್ರಿಸ್ತನ ಹನ್ನೆರಡು ಜನ ಶಿಷ್ಯರಲ್ಲಿ ಗುರೂಗೆ ಕೈಕೊಟ್ಟವನು ಯಾರು ಅಂತ ನಂಗೆ ಭಾನುವಾರದ ಶಾಲೇಲೇ ಹೇಳ್ಕೊಟ್ಟಿದ್ರು." ಕೆಮ್ಮು ಕೇಳಿಯೇ ಸದಸ್ಯರನ್ನು ಗುರುತಿಸುತ್ತಾರೆ; ಗುರುತಿಸುವುದಷ್ಟೇ ಅಲ್ಲ, ಕೆಮ್ಮಿ ತೋರಿಸುತ್ತಾರೆ. ವಕೀಲರದ್ದು ವಾಯಿದೆ ಕೇಳುವ ಕೆಮ್ಮು, ದಂತವೈದ್ಯರದ್ದು ಬಾಯಿ ತೆರೆಯದ ಕೆಮ್ಮು.

ಈ ಅನುಕರಣೆಯ ಕಲೆ ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತು ವರ್ಷ ಅವರು ಒಬ್ಬೊಬ್ಬರನ್ನೂ ಕಣ್ಣಿಟ್ಟು ನೋಡಿದ್ದಾರೆ. ಹತ್ತೊಂಬತ್ತು ವರ್ಷದ ಹಿಂದೆ ಇವರೂ ಮೇಸನ್ ಆಗಲು ಅರ್ಜಿ ಹಾಕಿದ್ದರು. ಇಲ್ಲಿ ಸೇರಬೇಕಾದರೆ ಸದಸ್ಯರೆಲ್ಲ ಗುಂಡು ಹಾಕಬೇಕು. ತಪ್ಪು ತಿಳಿಯಬೇಡಿ, ಗ್ಲಾಸಿನದಲ್ಲ. ತಟ್ಟೆಯಲ್ಲಿ ಎಂಬತ್ತು ಬಿಳಿ, ನಲವತ್ತು ಕಪ್ಪು ಗುಂಡುಗಳಿರುತ್ತವೆ. ಪ್ರತಿಯೊಬ್ಬರೂ ಒಂದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮರದ ಪೆಟ್ಟಿಗೆಯ ತೂತಿನೊಳಗೆ ಬಿಡುತ್ತಾರೆ. ಅದು ಇಳಿಜಾರಾದ ಕೊಳವೆಯಲ್ಲಿ ಉರುಳಿ ಡ್ರಾಯರಿಗೆ ಬೀಳುತ್ತದೆ. ಡ್ರಾಯರಿನಲ್ಲಿ ಒಂದೇ ಒಂದು ಕಪ್ಪು ಕಂಡರೂ ಅರ್ಜಿ ಮುಗಿದಂತೆ. ಇವರ ಡ್ರಾಯರಿನಲ್ಲಿ ಕಂಡದ್ದು ಒಂದು ಕಪ್ಪು.

ಯಾರು ಹಾಕಿದರು? ಕೇಳುವಂತಿಲ್ಲ. "ನಿಲುವಂಗಿ ತೊಡಿಸುವಾಗ ಪ್ರತಿಯೊಬ್ಬರ ಕುತ್ತಿಗೆ ನೋಡಿ ಅಂದ್ಕೋತಿದ್ದೆ, ಇವನೇನಾ? ಅಲ್ಲ, ಆ ಪಕ್ಕದವನು. ಅಲ್ಲ, ನಗ್ತಾನಲ್ಲ, ಇವನೇ."

ಇಷ್ಟೂ ಉರಿ ಸಾಲದೆಂಬಂತೆ ನಾಲ್ಕು ವರ್ಷದ ಹಿಂದೆ ಇವರ ಒಡಹುಟ್ಟಿದ ತಮ್ಮನೇ ಮೇಸನ್ ಆಗಿ ಬಂದರು. ಅಪ್ಪ ತೀರಿಕೊಂಡಾಗ ತಮ್ಮನಿಗೆ ಏಳು ವರ್ಷ. ಅಣ್ಣ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋದರು. ತಮ್ಮ ಓದಿ ವಿಮಾ ಕಂಪನಿಯ ಅಧಿಕಾರಿಯಾದರು. ಮೇಸನ್ ಎಂದರೆ ಕಲ್ಲುಗಾರೆಯವನು ಎಂದೇ ಅರ್ಥ. ನಿಜವಾಗಿ ಗಾರೆ ಕಲಸಿದವರು ಹೊರಗೆ, ಕರಣೆ ಮುಟ್ಟದವರು ಒಳಗೆ. ಮೊದಲ ದಿನವೇ ತಮ್ಮ ಕಿವಿಯಲ್ಲಿ ಹೇಳಿದ್ದರಂತೆ: "ಅಣ್ಣ, ಮನೇಲಿ ಹೇಗಾದ್ರೂ ಇರು. ಇಲ್ಲಿ ಮಾತ್ರ ಸ್ವಲ್ಪ ಸಾರ್ ಅಂದ್ಬಿಡು." ಅಂದಿನಿಂದ ಊರಿಗೆಲ್ಲ ಅಣ್ಣನಾದವರು ತಮ್ಮನಿಗೆ ಬರೀ 'ಕೇರ್‌ಟೇಕರ್'. ಆ ತಮ್ಮ ಒಳಗೆ ಕಾಲಿಟ್ಟರೆ ಅರವತ್ತು ಜನರಿಗೆ 'ಬ್ರದರ್'. ಸಹೋದರ ಎನ್ನಿಸಿಕೊಳ್ಳಲು ಒಂದೇ ಉದರ ಬೇಕು ಎಂದು ನಿಘಂಟು ಹೇಳುತ್ತದೆ. ಆ ಉದರಕ್ಕೆ ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಹೇಳುವುದಿಲ್ಲ.

ಕಳೆದ ತಿಂಗಳ ಮೊದಲ ಶನಿವಾರ, ನೈಟರ ಕೂಟಕ್ಕೆ ಸೇರಲು ತಮ್ಮನ ಅರ್ಜಿ ಮತಕ್ಕೆ ಬರುವ ದಿನ. ಹತ್ತು ಗಂಟೆಗೆ ಮತ, ಒಪ್ಪಿಗೆಯಾದರೆ ಆಗಲೇ ದೀಕ್ಷೆ. ಬೀಗದಣ್ಣ ಐದಕ್ಕೇ ಬಂದು, ಎರಡೂ ಕೂಟದವರು ಬಳಸುವ ಅದೇ ಪೆಟ್ಟಿಗೆ ಒರೆಸುತ್ತಿದ್ದಾರೆ. ಅದಕ್ಕೂ ಹಿಂದಿನ ಮತದಾನದ ನಂತರ ಒಂದು ಕಪ್ಪು ಗುಂಡು ಕಾಣೆಯಾಗಿದೆ. ಬೆಂಚುಗಳ ಕೆಳಗೆ ತೆವಳಿದರೂ ಸಿಕ್ಕಿಲ್ಲ. ಪೆಟ್ಟಿಗೆ ವಾಲಿಸುತ್ತಾರೆ. ಒಳಗೆ 'ಕಡಕ್' ಎನ್ನುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಕೊಳವೆಯ ಒಳಗೆ ಸದ್ದಾಗದಿರಲೆಂದು ಅಂಟಿಸಿದ ತೊಗಲು ಬಿಟ್ಟುಕೊಂಡು ಜೇಬಿನಂತಾಗಿದೆ. ಆ ಜೇಬಿನಲ್ಲಿ ಕಪ್ಪು ಗುಂಡು.

ಯಾರೋ ಹಿಂದಿನ ಅರ್ಜಿಗೆ ಹಾಕಿದ್ದು ಅದು, ಕೆಳಗೆ ಬೀಳದೆ ಸಿಕ್ಕಿಕೊಂಡಿದೆ. ಡ್ರಾಯರಿನ ಗುಂಡುಗಳನ್ನು ಎಣಿಸುವ ಪದ್ಧತಿ ಒಳಗಿಲ್ಲ, ಕಪ್ಪು ಇದೆಯೇ ಎಂದಷ್ಟೇ ನೋಡುತ್ತಾರೆ. ಎಣಿಸುವುದು ಆಮೇಲೆ ಬೀಗದಣ್ಣ ಒಬ್ಬರೇ. ಹಿಂದಿನವನು ಹಾಗೆ ಪಾರಾಗಿದ್ದಾನೆ. ಇನ್ನು ನಾಲ್ಕು ಗುಂಡು ಮೇಲಿಂದ ಬಡಿದರೆ ಸಾಕು, ಇದು ತಾನಾಗಿ ಉರುಳಿ ತಮ್ಮನ ಡ್ರಾಯರಿಗೆ ಬೀಳುತ್ತದೆ.

ಬೀಗದಣ್ಣ ಪೆಟ್ಟಿಗೆಯನ್ನು ಇದ್ದ ಹಾಗೇ ಮೇಜಿನ ಮೇಲಿಡುತ್ತಾರೆ. ಹೋಗಿ ಕತ್ತಿ ಉಜ್ಜುತ್ತಾರೆ. ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಾರೆ. ಏಳಕ್ಕೆ ಹೆಂಡತಿ ಚಹಾದ ಫ್ಲಾಸ್ಕ್ ಹಿಡಿದು ಬರುತ್ತಾರೆ.

"ಏನ್ರೀ, ಮುಖ ಯಾಕೆ ಹಂಗೆ ಊದಿಸ್ಕೊಂಡಿದೀರಾ?"

ಇವರು ಗುಂಡಿನ ವಿಷಯ ಹೇಳುತ್ತಾರೆ. ಸಮಾಧಾನ ಹೇಳುವ ಹೆಂಗಸಲ್ಲ ಆಕೆ. "ಇರ್ಲಿ ಬಿಡ್ರಿ. ನೀವೇನು ಹಾಕಿದ್ರಾ? ಅದರ ಪಾಡಿಗೆ ಅದು ಕೂತಿದೆ."

"ತಪ್ಪಲ್ವೇನೇ?"

"ಮೊನ್ನೆ ನಿಮ್ಮ ತಮ್ಮನ ಹೆಂಡ್ತಿ ಏನಂದ್ಲು ಗೊತ್ತಾ?" ಆಕೆ ಕೊರಳು ನೀಳ ಮಾಡಿ, ಮೂಗಿನಿಂದ ಓರಗಿತ್ತಿಯನ್ನು ಹೊರತರುತ್ತಾರೆ: "'ಅಕ್ಕಾ, ಇವ್ರು ನೈಟ್ ಆದ್ರೆ ನನ್ನ ಏನಂತ ಕರೀತಾರೆ?' ರಾಣಿ ಅಂತಾರೆ ಕಣಮ್ಮಾ ಅಂದೆ. ನಿಜ ಅಂದ್ಕೊಂಡ್ಬಿಟ್ಲು! ಒಂದು ಸಲ ಆ ಮನೇಲೂ ಹೊಟ್ಟೆ ಉರೀಲಿ, ಏನಾಗುತ್ತೆ?"

ಬೀಗದಣ್ಣನಿಗೂ ಅದು ಬೇಕು. ಬಾಯಲ್ಲಿ ನೀರೂರುವಷ್ಟು ಬೇಕು. ಆದರೂ ಹಿಂದಿನ ಸಲದ ಲೆಕ್ಕ ಇನ್ನೊಮ್ಮೆ ನೋಡಲು ಎಣಿಕೆಯ ನೋಟ್‌ಬುಕ್ ತೆರೆಯುತ್ತಾರೆ. ಕೆಲಸಕ್ಕೆ ಸೇರಿದ ದಿನದಿಂದ ಬರೆದದ್ದು ಅದು. ಬೆರಳು ಹಿಂದೆ ಹಿಂದೆ ಸರಿಯುತ್ತದೆ. ಎಷ್ಟು ಸಲ ಮುಟ್ಟಬಾರದೆಂದುಕೊಂಡರೂ ಮುಟ್ಟುವ ಆ ಪುಟಕ್ಕೆ, ಹತ್ತೊಂಬತ್ತು ವರ್ಷದ ಹಿಂದಿನ ಪುಟಕ್ಕೆ ಬರುತ್ತದೆ.

ಇವರ ಮತದಾನಕ್ಕೂ ಹಿಂದಿನ ಸಾಲು: 'ಕಪ್ಪು 39. ಒಂದು ಕಾಣೆ.' ಅದರ ಕೆಳಗೆ, ಇವರದೇ ಮತದಾನದ ಸಂಜೆ ಬರೆದದ್ದು: 'ಕಪ್ಪು 40.'

ಎರಡೂ ಸಾಲಿನ ಮೇಲೆ ಬೆರಳಿಟ್ಟು ಲೆಕ್ಕ ಹಾಕುತ್ತಾರೆ. ಅಂದು ಡ್ರಾಯರಿನಲ್ಲಿ ಬಂದದ್ದು ಒಂದೇ ಕಪ್ಪು. ಅದನ್ನು ಅಂದು ಯಾರಾದರೂ ತಟ್ಟೆಯಿಂದ ಎತ್ತಿ ಹಾಕಿದ್ದರೆ, ಕಾಣೆಯಾದದ್ದು ಕಾಣೆಯಾಗಿಯೇ ಇರಬೇಕಿತ್ತು. ಲೆಕ್ಕ ಮೂವತ್ತೊಂಬತ್ತಕ್ಕೇ ನಿಲ್ಲಬೇಕಿತ್ತು. ಕಾಣೆಯಾದ ಗುಂಡೇ ಇವರ ಡ್ರಾಯರಿಗೆ ಬಿದ್ದಿದೆ. ಅದಾದ ಕೆಲವೇ ತಿಂಗಳಿಗೆ ಪೆಟ್ಟಿಗೆಯ ಹಳೆ ತೊಗಲು ಕಿತ್ತು ಹೊಸದು ಹಾಕಿಸಿದ್ದರು. ಈಗ ಅದೂ ಬಿಟ್ಟುಕೊಂಡಿದೆ. ಇವರನ್ನು ಯಾರೂ ಬೇಡವೆಂದಿರಲಿಲ್ಲ. ಇನ್ನೊಬ್ಬರಿಗೆ ಹಾಕಿದ ಗುಂಡು ಇವರ ಪಾಲಿಗೆ ಬಂದಿತ್ತು. ಆ ಇನ್ನೊಬ್ಬರು ಯಾರೆಂದು ಬರೆಯಕೂಡದು ಎಂಬುದು ಇವರ ಷರತ್ತು. ಅವರು ಈಗಲೂ ಬರುತ್ತಾರೆ. ಅವರ ನಿಲುವಂಗಿಗೂ ಇವರೇ ಇಸ್ತ್ರಿ ಹಾಕುತ್ತಾರೆ.

"ಹತ್ತೊಂಬತ್ತು ವರ್ಷ ಅಷ್ಟೂ ಜನರ ಕುತ್ತಿಗೆ ನೋಡಿದ್ನಲ್ಲ, ಒಬ್ಬನೂ ಅಲ್ಲ!" ಎಂದು ಹಣೆ ಚಚ್ಚಿಕೊಳ್ಳುತ್ತಾರೆ. "ಆವಾಗ ಹೊಳೀತು. ಇವತ್ತು ಸುಮ್ನೆ ಇದ್ರೆ, ಅವನೂ ಎಲ್ಲರನ್ನೂ ಅನುಮಾನ ಪಡ್ತಾನೆ, ನನ್ನೊಬ್ಬನ್ನ ಬಿಟ್ಟು. ರಾತ್ರಿ ಬಂದು ನನ್ನ ಹತ್ರಾನೇ ಅಳ್ತಾನೆ. ಅಣ್ಣಾ ಅಂತಾನೇ ಅಳ್ತಾನೆ. ಅದನ್ನ ಹೆಂಗೆ ಕೇಳ್ಲಿ?"

ಬೆರಳು ಕೊಳವೆಯೊಳಗೆ ಹೋಗದು. ಹೆಂಡತಿಯ ಮುಂದೆ ಕೈ ಚಾಚುತ್ತಾರೆ. "ನಿನ್ನ ತಲೆಪಿನ್ನು ಕೊಡೇ."

"ನನ್ನದೇ ಬೇಕಿತ್ತಾ? ಅವಳ ಗಂಡನ್ನ ಮೆರೆಸೋಕೆ?" ಎನ್ನುತ್ತಲೇ ಆಕೆ ಪಿನ್ನು ಕಿತ್ತು ಕೊಡುತ್ತಾರೆ, ಟಾರ್ಚನ್ನೂ ತಾವೇ ಹಿಡಿಯುತ್ತಾರೆ. ಮೂರನೆಯ ಪ್ರಯತ್ನಕ್ಕೆ ಗುಂಡು ಹೊರಗೆ. ತೊಗಲಿಗೆ ಅಂಟು ಬಳಿದು, ಒಂದೊಂದೇ ಬಿಳಿ ಗುಂಡು ಬಿಟ್ಟು ಇಪ್ಪತ್ತು ಸಲ ನೋಡುತ್ತಾರೆ. ಇಪ್ಪತ್ತೂ ಸಲೀಸಾಗಿ ಇಳಿಯುತ್ತವೆ.

ಹತ್ತೂ ಕಾಲಿಗೆ ಬಾಗಿಲು ತೆರೆದು ಕಾರ್ಯದರ್ಶಿ ತಲೆಯಾಡಿಸುತ್ತಾರೆ. ಎಲ್ಲ ಬಿಳಿ. ಪಕ್ಕದ ಕೋಣೆಯಲ್ಲಿ ತಮ್ಮನಿಗೆ ಯಾತ್ರಿಕನ ಅಂಗಿ ತೊಡಿಸುವ ಕೆಲಸವೂ ಇವರದೇ. ಬಾಗಿಲ ಬಳಿ ಕತ್ತಿ ಹಿಡಿದ ಕಾವಲಿನವರು ನಿಂತಿದ್ದಾರೆ. ತಮ್ಮ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದಾರೆ.

"ಸ್ವಲ್ಪ ತಿರುಗಿ ಸಾರ್," ಎನ್ನುತ್ತಾರೆ ಇವರು, ಸೊಂಟದ ಹಗ್ಗ ಬಿಗಿಯುತ್ತ.

"ಅಣ್ಣಾ, ಭಯ ಆಗ್ತಿದೆ ಕಣೋ," ಎನ್ನುತ್ತಾರೆ ತಮ್ಮ, ಜೋರಾಗಿಯೇ.

ಕಾವಲಿನವರು ಹುಬ್ಬೇರಿಸುತ್ತಾರೆ. "ಏನು ಬೀಗದಣ್ಣ, ಇವ್ರು ನಿಮ್ಮ ತಮ್ಮನಾ?"

"ಅವನನ್ನೇ ಕೇಳಿ," ಎಂದು ಇವರು ಗಂಟು ಹಾಕಿ ಎದ್ದೇಳುತ್ತಾರೆ. ತಮ್ಮ ತಲೆ ತಗ್ಗಿಸಿ, "ಹೌದು. ಒಡಹುಟ್ಟಿದವನು," ಎನ್ನುತ್ತಾರೆ. ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಬೀಗದಣ್ಣ ಸ್ಟೂಲಿಗೆ ಬರುತ್ತಾರೆ.

ಗುಂಡಿನ ವಿಷಯ ತಮ್ಮನಿಗೆ ಇನ್ನೂ ಹೇಳಿಲ್ಲ. ಪತ್ರಿಕೆಯಲ್ಲಿ ಬಂದರೆ? "ಬರ್ಲಿ. ಅವರ ಗುಟ್ಟಾಗಿದ್ರೆ ಬಾಯಿ ಬಿಡ್ತಿರ್ಲಿಲ್ಲ. ಇದು ನನ್ನ ಗುಟ್ಟು." ಮತ್ತೆ ಅರ್ಜಿ ಹಾಕುತ್ತೀರಾ ಎಂದರೆ, ಯೋಚಿಸುತ್ತಿದ್ದೇನೆ ಎನ್ನುತ್ತಾರೆ. ಹೊಟ್ಟೆಕಿಚ್ಚು?

"ಹೋಗಿಲ್ಲ. ಇನ್ಮೇಲೆ ಅವನ ನಿಲುವಂಗಿಗೂ ಇಸ್ತ್ರಿ ಹಾಕ್ಬೇಕು, ಎಲ್ಲಿಂದ ಹೋಗುತ್ತೆ? ಆದ್ರೆ ಒಂದು ಬರ್ಕೊಳ್ಳಿ. ಅವತ್ತು ಹತ್ತು ಗಂಟೆಗೆ ಅವ್ರೆಲ್ಲಾ ಸಾಲಾಗಿ ಬಂದು ವೋಟು ಹಾಕಿದ್ರು. ನಾನು ಏಳೂವರೆಗೇ ಹಾಕಿದ್ದೆ."