ಅಬೇದಾ ಹತ್ತಬೇಕಾದ ಜಿಪ್ಸಿ

ಟಿಕೋಟಾದ ದಾವಲಸಾಬ ಹುಟ್ಟಿದಾಗ ಅಳಲಿಲ್ಲವಂತೆ, ಹಾರ್ನ್ ಹೊಡೆದನಂತೆ. ಸೂಲಗಿತ್ತಿ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು ಎನ್ನುವವರೂ ಇದ್ದಾರೆ. ಇದರಲ್ಲಿ ಒಂದಿಷ್ಟು ಸುಳ್ಳಿರಬಹುದು. ಆದರೆ ಅರವತ್ತು ದಾಟುವತನಕ ಅವನು ಓಡಿಸಿದ ಗಾಡಿಗಳ ವಿಷಯದಲ್ಲಿ ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ. ಮೊದಲು ಒಂದು ಮೂರು ಗಾಲಿ ಟೆಂಪೋ. ಅದು ಹೊಗೆ ಬಿಟ್ಟರೆ ಬಬಲೇಶ್ವರದ ಕಾಗೆಗಳು ಹಾರುತ್ತಲೇ ಕೆಮ್ಮುತ್ತಿದ್ದವು. ಆಮೇಲೆ ಒಂದು ಜೀಪು. ಅದರ ಬಾಗಿಲು ಹಾಕಿದರೆ ದೀಪ ಆರುತ್ತಿತ್ತು, ದೀಪ ಹಚ್ಚಿದರೆ ಬಾಗಿಲು ತೆರೆಯುತ್ತಿತ್ತು. ದ್ರಾಕ್ಷಿ ಕಾಲದಲ್ಲಿ ಹಣ್ಣಿನ ಕ್ರೇಟು, ಮದುವೆ ಕಾಲದಲ್ಲಿ ಬೀಗರು, ಎರಡನ್ನೂ ಅವನು ಒಂದೇ ರೀತಿ ಒತ್ತಿ ಹೇರುತ್ತಿದ್ದ. ಈ ಗಾಡಿಗಳಿಗೆ ಎಂಜಿನ್ ಇತ್ತು, ಗಾಲಿ ಇದ್ದವು, ಕಾಗದ ಮಾತ್ರ ಇರಲಿಲ್ಲ.

“ಗಾಡಿ ಡೀಸೆಲ್ ಮ್ಯಾಲ ಓಡತೈತಿ, ಕಾಗದದ ಮ್ಯಾಲ ಅಲ್ಲ” ಎಂಬುದು ಅವನ ಸಿದ್ಧಾಂತ.

ಆ ಸಿದ್ಧಾಂತಕ್ಕೆ ಪೆಟ್ಟು ಬಿದ್ದದ್ದು ಹೆಂಡತಿ ಅಬೇದಾಳ ತಮ್ಮನ ಮದುವೆಯ ದಿನ. ಬಬಲೇಶ್ವರದ ದಾರಿಯಲ್ಲಿ ಪೊಲೀಸರು ಜೀಪು ತಡೆದು ಕಾಗದ ಕೇಳಿದರು. “ಗುರ್ತಿನವರನ್ನ ಕರಕೊಂಡ ಬರ್ತೇನಿ” ಎಂದು ಹೋದ ದಾವಲಸಾಬ ತಿರುಗಿ ಬರುವಷ್ಟರಲ್ಲಿ ಅತ್ತ ನಿಕಾಹ್ ಮುಗಿದು, ಊಟ ಮುಗಿದು, ಹೊಸ ಗಂಡ ಹೆಂಡತಿಯ ಮೊದಲ ಜಗಳವೂ ಮುಗಿದಿತ್ತು. ಅಬೇದಾ ಜರಿ ಸೀರೆ ಉಟ್ಟು, ತೊಡೆಯ ಮೇಲೆ ಸಜ್ಜಕದ ಪಾತೇಲಿ ಇಟ್ಟುಕೊಂಡು, ತಡೆದಿಟ್ಟ ಜೀಪಿನಲ್ಲೇ ಕುಳಿತಿದ್ದಳು.

“ಕಾಗದ ಇಲ್ಲದ ಗಾಡಿ ಇನ್ನ ಸಾಯೂತನಕ ಹತ್ತಂಗಿಲ್ಲ” ಎಂದಳು. ಹತ್ತಲಿಲ್ಲ.

ಅಂದಿನಿಂದ ಗಂಡಹೆಂಡಿರು ಊರಿಗೆ ಹೋಗುವುದನ್ನು ನೋಡಲು ಜನ ಕಟ್ಟೆಗೆ ಬಂದು ಕೂರುತ್ತಿದ್ದರು. ಮುಂದೆ ಬಸ್ಸು, ಬಸ್ಸಿನಲ್ಲಿ ಅಬೇದಾ. ಹಿಂದೆ ಖಾಲಿ ಜೀಪು, ಜೀಪಿನಲ್ಲಿ ದಾವಲಸಾಬ. ಬಸ್ಸು ನಿಂತಲ್ಲೆಲ್ಲ ಅವನೂ ನಿಲ್ಲುತ್ತಿದ್ದ. ಕಂಡಕ್ಟರು ಒಮ್ಮೆ ತಲೆ ಹೊರಹಾಕಿ, “ಕಾಕಾ, ನಿಮಗೂ ಒಂದ ಟಿಕೀಟ ಹರೀಲೇನು?” ಎಂದು ಕೇಳಿದ್ದುಂಟು.

ಹೀಗಿರುವಾಗ ದಾವಲಸಾಬ ಹರಾಜಿನಲ್ಲಿ ಒಂದು ಜಿಪ್ಸಿ ಕೊಂಡ. ಸೈನ್ಯದವರು ಓಡಿಸಿ ಸಾಕಾಗಿ ಮಾರಿದ್ದು. ಈ ಸಲ ಮಾತ್ರ ಅವನು ಹರಕೆ ಹೊತ್ತವನ ಹಾಗೆ ನಡೆದುಕೊಂಡ. ಕಾಗದ ಆಗುವತನಕ ಎಂಜಿನ್ ಹಚ್ಚಿ ರಸ್ತೆಗಿಳಿಸುವುದಿಲ್ಲ ಎಂದು ಲಾರಿಯ ಮೇಲೆ ಹೇರಿಸಿ ವಿಜಯಪುರಕ್ಕೆ ತಂದ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಗೆಳೆಯ ಇಸಾಕ ಗಾಡಿಗಳಿಗೆ ಬಣ್ಣ ಹೊಡೆಯುವ ಶೆಡ್ಡು ಇಟ್ಟಿದ್ದಾನೆ, ಅಲ್ಲಿ ಇಳಿಸಿದ. ಅದೇ ಊರಿನ ಜೋರಾಪುರ ಪೇಟೆಯಲ್ಲಿರುವ ತನ್ನ ತಂಗಿ ಶಾಹಿಸ್ತಾಳ ಮನೆಗೆ ಬಂದಿದ್ದ ಅಬೇದಾಳಿಗೆ ಫೋನು ಮಾಡಿದ.

“ಎಲ್ಲಾ ಕಾಗದ ಮಾಡಸ್ತೇನಿ. ನಿನ್ನ ಬಾಜೂಕ ಕುಂಡ್ರಿಸಿಕೊಂಡ ಊರಿಗೆ ಹೋಗ್ತೇನಿ, ನೋಡ.”

“ನೋಡೂಣ್ರಿ. ಶುಕ್ರವಾರ ನಮಾಜ್ ಆದಮ್ಯಾಗ ನಾ ಹೊಂಡಾಕಿ. ಅಷ್ಟರಾಗ ಆದ್ರ ನಿಮ್ಮ ಗಾಡಿ, ಇಲ್ಲಂದ್ರ ನನ್ನ ಬಸ್ಸು.”

ಮೊದಲು ವಿಮೆ. ಗಾಂಧಿ ಚೌಕದ ಹತ್ತಿರ ವಿಮೆ ಮಾಡಿಸುವ ಶಿವಶರಣಪ್ಪ ಸೈನ್ಯದ ಕಾಗದ ನೋಡಿ ಕನ್ನಡಕ ಒರೆಸಿಕೊಂಡ. ಸೈನ್ಯದ ನಂಬರು ಒಂದು ಬಾಣದ ಗುರುತಿನಿಂದ ಸುರುವಾಗುತ್ತದೆ.

“ಇದೇನ್ರಿ, ಬಾಣ? ಕಂಪ್ಯೂಟರಿನಾಗ ಬಾಣ ಇಲ್ರಿ.”

“ಬಿಲ್ಲ ಐತೇನ ನೋಡ್ರಿ.”

ಶಿವಶರಣಪ್ಪ ನಗಲಿಲ್ಲ. ವಿಮೆಯವರು ನಕ್ಕರೆ ಕಂತು ಕಡಿಮೆ ಮಾಡಬೇಕಾಗುತ್ತದೆ. ಶೆಡ್ಡಿಗೇ ಬಂದು, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಂಡ.

“ನಾಳೆ ಗಾಡಿ ಯಾರಿಗರೆ ಬಡದ್ರ ಇದು ಕಾಯತೈತ್ರಿ.”

“ನನ್ನ ಗಾಡಿ ಯಾರಿಗೂ ಬಡಿಯಂಗಿಲ್ರಿ.”

“ಮತ್ತ ಯಾಕ ಮಾಡಸಾಕತ್ತೀರಿ?”

“ಹೆಂಡ್ತಿ ಹತ್ತಬೇಕಲ್ರಿ!”

ವಿಮೆ ಆಯಿತು. ಇನ್ನು ಆರ್‌ಟಿಓ ಸಾಹೇಬರು ಗಾಡಿ ನೋಡಿ ಪಾಸು ಮಾಡಬೇಕು. ದಾವಲಸಾಬ ಜಿಪ್ಸಿಯ ಸುತ್ತ ತಿರುಗಿದ. ಸೈನ್ಯದ ಹಸಿರು ಅಲ್ಲಲ್ಲಿ ಮಾಸಿ, ಬೆಕ್ಕು ನೆಕ್ಕಿದ ಹಾಗಿತ್ತು. ದೊಡ್ಡವರ ಮುಂದೆ ಹೋಗುವಾಗ ಹೊಸ ಅಂಗಿ ಹಾಕಿಕೊಂಡು ಹೋಗುವುದು ಅವನ ಮನೆತನದ ರೀತಿ. ಇಸಾಕನನ್ನು ಕೂರಿಸಿ, ಅದೇ ಹಸಿರು ಕಲಸಿಸಿ, ಟೋಪಿಯಿಂದ ಗಾಲಿಯತನಕ ಹೊಸ ಬಣ್ಣ ಹೊಡೆಸಿದ. ಮೇಯಲು ಬಂದ ಆಡು ಅದನ್ನು ಹೊಲವೆಂದು ತಿಳಿದು ಬಾನೆಟ್ಟಿಗೆ ಬಾಯಿ ಹಾಕಿತು. ಟಿಕೋಟಾಕ್ಕೂ ಸುದ್ದಿ ಹೋಯಿತು: ದಾವಲಸಾಬ ಮಿಲಿಟರಿ ತರುತ್ತಿದ್ದಾನೆ.

ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಹೋಗಿ ಸಾಹೇಬರ ಮುಂದೆ ನಿಲ್ಲಿಸಿದ. ಅವರು ದೀಪ ನೋಡಿದರು, ಹಾರ್ನ್ ಕೇಳಿದರು, ಚಾಸಿ ನಂಬರು ತಾಳೆ ನೋಡಿದರು. ಎಲ್ಲ ಸರಿ ಇತ್ತು. ಕಡೆಗೆ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು.

“ಬಣ್ಣ ಹೊಸಾದು ಕಾಣತೈತಲ್ಲ?”

“ಹೌದ್ರಿ ಸಾಹೇಬ್ರ, ನಿಮ್ಮ ಸಲುವಾಗಿನ ಹೊಡಸೇನ್ರಿ.”

“ಈ ಬಣ್ಣ ಮಿಲಿಟರಿಯವ್ರು ಬಿಟ್ಟು ಬ್ಯಾರೆ ಯಾರೂ ಹಚ್ಚೂವಂಗಿಲ್ರಿ. ಕಾಯ್ದೆ ಐತಿ. ಬದಲಿ ಮಾಡಿ ತಗೊಂಡ ಬರ್ರಿ.”

“ಸಾಹೇಬ್ರ, ಗಿಡಾ ಹಸರ ಐತಿ, ಗಿಣಿ ಹಸರ ಐತಿ…”

“ಅವು ಪಾಸಿಂಗಿಗೆ ಬರಂಗಿಲ್ರಿ.”

ಶೆಡ್ಡಿಗೆ ಮರಳಿದಾಗ ಇಸಾಕ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ದನಿ ತಗ್ಗಿಸಿ ಹೇಳಿದ: “ಲೇ ದಾವಲ್ಯಾ, ಹಿಂಗ ಹೊಡಕೊಂಡ ಹೋಗಿಬಿಡ. ಈ ಹಸರ ನೋಡಿ ದಾರ್‍ಯಾಗ ಪೊಲೀಸ್ರು ಸೆಲ್ಯೂಟ್ ಹೊಡಿತಾರ. ಊರಾಗ ಮಂದಿ ಮಿಲಿಟರಿ ಗಾಡಿ ಅಂತ ಕಾಯಾಕತ್ತೈತಿ.”

ದಾವಲಸಾಬ ಬಾನೆಟ್ಟಿನ ಮೇಲೆ ಕೈಯಾಡಿಸಿದ. ಬಹಳ ಚಂದದ ಹಸಿರು. ಊರ ಮುಂದೆ ಒಂದು ಸುತ್ತು ಹೊಡೆದರೆ ಮುಂದಿನ ಮೂರು ತಲೆಮಾರು ಅದನ್ನೇ ಹೇಳಿಕೊಂಡು ಊಟ ಮಾಡಬಹುದಿತ್ತು.

“ಊರು ಗಾಡಿ ನೋಡತೈತಿ, ಹತ್ತಂಗಿಲ್ಲ” ಎಂದು ಇಸಾಕನಿಗೆ ಹೇಳಿ, ಅಬೇದಾಳಿಗೆ ಫೋನು ಹಚ್ಚಿದ. “ಯಾವ ಬಣ್ಣ ಹೊಡಸ್ಲಿ?”

“ಗಾಡಿ ನಿಮ್ಮದು. ನನ್ನ ಯಾಕ ಕೇಳ್ತೀರಿ?” ಎಂದವಳು ಫೋನು ಇಡಲಿಲ್ಲ. “ದಾಳಿಂಬ್ರಿ ಬಣ್ಣ ಛಲೋ ಇರತೈತಿ” ಎಂದಳು.

ಹಸಿರೆಲ್ಲ ಕೆರೆದು ಕೆಂಪು ಹೊಡೆದರು. ಗಾಡಿ ಪಾಸಾಯಿತು. ಹೆಸರು ದಾಖಲಾಯಿತು, ನಂಬರು ಬಂತು, ಫಲಕವೂ ಕೂತಿತು. ಶುಕ್ರವಾರ ನಮಾಜ್ ಮುಗಿದ ಮೇಲೆ, ತನ್ನ ಬಣ್ಣ ಬಿಸಿಲಲ್ಲಿ ಹೇಗೆ ಕಾಣುತ್ತದೆ ನೋಡಬೇಕೆಂದ ಇಸಾಕನನ್ನೂ ಕೂರಿಸಿಕೊಂಡು ದಾವಲಸಾಬ ಜೋರಾಪುರ ಪೇಟೆಗೆ ಬಂದ.

ಅಬೇದಾ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಓಣಿಯ ಹೆಣ್ಣುಮಕ್ಕಳೂ ನಿಂತಿದ್ದರು.

“ಇನ್ಸೂರನ್ಸ್?”

“ಐತಿ.” ಕೊಟ್ಟ. ಓದಿದಳು.

“ಆರ್‌ಸಿ?”

“ಐತಿ.” ಅದನ್ನೂ ಓದಿದಳು.

“ನಿಮ್ಮ ಲೈಸೆನ್ಸ್?”

ದಾವಲಸಾಬ ಕಿಸೆಗಳನ್ನು ಒಂದೊಂದಾಗಿ ಮುಟ್ಟಿಕೊಂಡ. ಕೊನೆಗೆ ಹೊರಬಂದ ಕಾರ್ಡಿನ ಫೋಟೋದಲ್ಲಿ ಗಡ್ಡ ಕಪ್ಪಾಗಿತ್ತು. ಅವಧಿ ಮುಗಿದು, ಅದನ್ನು ಹುಗಿದು, ಗೋರಿಯ ಮೇಲೆ ಬೇವಿನ ಗಿಡ ಬೆಳೆದು ನೆರಳು ಕೊಡುವಷ್ಟು ಕಾಲವಾಗಿತ್ತು. ಗಾಡಿಯ ಕಾಗದದ ಹಿಂದೆ ಓಡುತ್ತ ಅವನಿಗೆ ತನ್ನ ಕಾಗದ ನೆನಪಾಗಿರಲಿಲ್ಲ.

“ಗಾಡೀಗಿ ಐತಿ, ಮಾಲಕಗ ಇಲ್ಲ” ಎಂದಳು ಅಬೇದಾ. ಚೀಲ ಹೆಗಲಿಗೆ ಏರಿಸಿದಳು. ದಾವಲಸಾಬನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಅವಳು ಅದನ್ನು ನೋಡಿದಳು. ಕೆಂಪು ಜಿಪ್ಸಿಯನ್ನೂ ನೋಡಿದಳು. ಆಮೇಲೆ ತಿರುಗಿದಳು.

“ಇಸಾಕ ಭಾಯ್, ನಿಮ್ಮದೈತೇನ್ರಿ ಲೈಸೆನ್ಸ್?”

“ಐತ್ರಿ ವೈನಿ. ದಿನಾ ಮಂದಿ ಗಾಡಿ ಹೊಡಿತೇನ್ರಿ ನಾ.” ತೋರಿಸಿದ. ತಾರೀಖು ಸರಿ ಇತ್ತು.

“ಹಂಗಾದ್ರ ನೀವ ಹೊಡೀರಿ.”

ಅಬೇದಾ ಸೆರಗು ಸಿಕ್ಕಿಸಿಕೊಂಡು ಹಿಂದಿನ ಸೀಟಿಗೆ ಹತ್ತಿದಳು. ದಾವಲಸಾಬ ಚಾವಿ ಇಸಾಕನಿಗೆ ಕೊಟ್ಟು, ಮುಂದೆ ಅವನ ಮಗ್ಗುಲಿಗೆ ಕಾಲಿಡಹೋದ.

“ಅಲ್ಲೆಲ್ಲಿ ಹೊಂಟ್ರಿ? ಇಲ್ಲಿ ಬರ್ರಿ.”

ಟಿಕೋಟಾದ ರಸ್ತೆ ಹಿಡಿಯುವತನಕ ದಾವಲಸಾಬ, “ಲೇ, ಗೇರ್ ಬದಲಸಲೇ… ಹಾರ್ನ್ ಹೊಡಿಯಲೇ” ಎಂದು ಇಸಾಕನ ಜೀವ ತಿಂದ.

“ಸುಮ್ನ ಕುಂಡ್ರಿ” ಎಂದಳು ಅಬೇದಾ. ಇಬ್ಬರ ನಡುವೆ ಇದ್ದ ಚೀಲ ತೆಗೆದು ಕಾಲ ಬಳಿ ಇಟ್ಟಳು. ಅವನು ಅವಳ ಹತ್ತಿರ ಸರಿದು ಕುಳಿತ.